ಮರುಭೂಮಿ ದಾಟಿ ಬಂದ ಹೆಪ್ಪು

ಬಾಲಗಾಂವದ ನಮ್ಮ ಮನೆಯಲ್ಲಿ ಅಜ್ಜಿ ಹಾಕಿದ ಹೆಪ್ಪೇ ದಿನದಿಂದ ದಿನಕ್ಕೆ ನಡೆದುಬಂದಿತ್ತು. ಹೋದ ವರ್ಷ, ಈಗ ಅದನ್ನು ನೋಡಿಕೊಳ್ಳುವ ದೊಡ್ಡವ್ವ ಹದಿನೈದು ದಿನ ಮಿರಜಿನ ದವಾಖಾನೆಯಲ್ಲಿದ್ದಾಗ, ಮನೆಯಲ್ಲಿದ್ದ ನಾವು ಗಂಡಸರು ಮೊಸರನ್ನು ಕೊನೆಯ ಚಮಚದವರೆಗೆ ಉಂಡು ಮುಗಿಸಿದ್ದೆವು. ಬಂದವಳು ಖಾಲಿ ಗಡಿಗೆ ನೋಡಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನೆರೆಮನೆಯ ಹೆಪ್ಪು ತಂದು ಹಾಕಿದೆವು. ಒಂದು ತುತ್ತು ಉಂಡು ತಾಟು ದೂರ ಸರಿಸಿದಳು.

ಆ ಹೆಪ್ಪು ಇನ್ನು ಉಳಿದದ್ದು ಒಂದೇ ಕಡೆ, ಒಮಾನಿನ ಸಲಾಲಾದಲ್ಲಿ. ಅಲ್ಲಿ ಬಂಗಾರ ಕರಗಿಸುವ ಕೆಲಸ ಮಾಡುವ ಭಾವನನ್ನು ಕಟ್ಟಿಕೊಂಡ ನನ್ನ ಅಕ್ಕ, ಹೋಗುವಾಗ ಒಯ್ದದ್ದನ್ನು ಜೋಪಾನ ಮಾಡಿಕೊಂಡಿದ್ದಳು. ನಾನೂ ದೊಡ್ಡವ್ವನೂ ಹೋಗಿ ಅದನ್ನು ತರುವುದೆಂದಾಯಿತು. ತಿರುಗಿ ಬರುವ ವಿಮಾನ ಮಸ್ಕತ್ತಿನಿಂದ. ಭಾವನಿಗೂ ಅಲ್ಲಿ ಕೆಲಸವಿದ್ದುದರಿಂದ ಅವರ ಕಾರಿನಲ್ಲೇ ಹೊರಟೆವು. ಇಡೀ ಹಗಲಿನ ದಾರಿ.

ಹಿಂದಿನ ಸೀಟಿನಲ್ಲಿ ಕಾರಿನ ಕರೆಂಟಿನ ಮೇಲೆ ನಡೆಯುವ ತಂಪು ಪೆಟ್ಟಿಗೆ, ಅದರೊಳಗೆ ಮೊಸರಿನ ಸ್ಟೀಲಿನ ಡಬ್ಬಿ, ಪಕ್ಕದಲ್ಲಿ ದೊಡ್ಡವ್ವ. ಗುಡ್ಡ ದಾಟುತ್ತಲೇ ಸಲಾಲಾದ ತುಂತುರು ಮಳೆ ಹಿಂದೆ ಉಳಿಯಿತು. ನಮ್ಮ ಜತ್ತ ಕಡೆಯ ಮಡ್ಡಿ ಹೊಲಗಳನ್ನೇ ದೊಡ್ಡ ಬಯಲೆಂದುಕೊಂಡು ಬೆಳೆದವನು ನಾನು. ಇಲ್ಲಿ ಗಿಡವಿಲ್ಲ, ಬದುವಿಲ್ಲ, ಇದು ಯಾರ ಹೊಲ ಎಂದು ಕೇಳುವುದಕ್ಕೂ ಯಾರೂ ಇಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಲು ಕಾರು ನಿಲ್ಲಿಸಿದಾಗ ಭಾವ ಪೆಟ್ಟಿಗೆ ಮುಟ್ಟಿ ಕೈ ಹಿಂದೆಗೆದರು. ಬಿಸಿಯಾಗಿತ್ತು.

"ಇದಕ ಒದ್ದಿ ಚಾದರ ಯಾರು ಸುತ್ಯಾರ?"

"ನಾನ ರೀ ಅಳಿಯಂದ್ರ. ತಂಪ ಹೊರಗ ಹೋಗಬಾರ್ದಂತ."

ನಮ್ಮಲ್ಲಿ ನೀರಿನ ಕೊಡಕ್ಕೆ, ವೀಳ್ಯದೆಲೆಗೆ, ಮಜ್ಜಿಗೆಗೆ, ಎಲ್ಲಕ್ಕೂ ಒದ್ದೆ ಬಟ್ಟೆಯೇ. ಆದರೆ ಈ ಪೆಟ್ಟಿಗೆ ಒಳಗಿನ ಕಾವನ್ನು ಹಿಂಬದಿಯ ಫ್ಯಾನಿನಿಂದ ಹೊರಗೆ ಊದುವಂಥದ್ದು. ಚಾದರ ಅದನ್ನೇ ಮುಚ್ಚಿತ್ತು.

"ದೊಡ್ಡವ್ವಾರ, ಇದರ ಮೂಗ ಇಲ್ಲಿ ಐತ್ರಿ. ನೀವು ಮೂಗಿಗೇ ಹೊದಿಸೀರಿ."

"ಮೂಗ ಬೆನ್ನಿಗಿಟ್ಟಾವ್ರ್ಯಾರು ಮತ್ತ?"

ಏನು ಮಾಡಿದರೂ ಪೆಟ್ಟಿಗೆ ಮತ್ತೆ ನಡೆಯಲಿಲ್ಲ. ಬರ್ಫದ ಗಡ್ಡೆ ಸಿಗುವ ಪೆಟ್ರೋಲ್ ಪಂಪು ಇನ್ನೂ ಒಂದೂವರೆ ತಾಸು ಮುಂದಿತ್ತು. ದೊಡ್ಡವ್ವ ಡಬ್ಬಿಯನ್ನು ಹೊರಗೆ ತೆಗೆದು, ಅದೇ ಚಾದರ ಸುತ್ತಿ, ನೀರು ಹೊಯ್ದು, ಕಿಟಕಿಯ ಮೇಲಿನ ಹಿಡಿಕೆಗೆ ತೂಗುಹಾಕಿದಳು. ನಮ್ಮ ಬೀಳು ಹೊಲದಲ್ಲಿ ಬಂದು ತಂಗುವ ಕುರಿಗಾರರು ನೀರಿನ ಕ್ಯಾನಿಗೆ ಒದ್ದೆ ಕಂಬಳಿ ಸುತ್ತಿ ಕುದುರೆಯ ಬೆನ್ನಿಗೆ ತೂಗುಬಿಡುವುದನ್ನು ಅವಳು ನೋಡುತ್ತ ಬಂದವಳು.

"ಎಸಿ ಬಂದ್ ಮಾಡ್ರಿ. ಕಿಡಕಿ ಎಲ್ಲಾ ತೆಗೀರಿ."

"ಹೊರಗ ಬೆಂಕಿ ಐತ್ರಿ. ಮೊಸರ ತಂಪಾಗೂದ್ರಾಗ ನಾವು ಬೆಂದಿರ್ತೇವಿ."

"ನೀವು ಬೆಂದ್ರ ಒಂದ್ ಜಳಕಕ್ಕ ನೆಟ್ಟಗಾಕ್ಕೀರಿ. ಅದು ಕೆಟ್ರ ಎಲ್ಲಿಂದ ತರೂನು?"

ಒಲೆಯ ಬಾಯಿಗೆ ಮುಖ ಒಡ್ಡಿದ ಹಾಗೆ ಕುಳಿತೆವು. ತುಟಿ ಒಡೆಯಿತು, ಕಣ್ಣು ಉರಿಯಿತು. ಅರ್ಧ ತಾಸಿನ ಮೇಲೆ ಡಬ್ಬಿಗೆ ಕೈ ಇಟ್ಟೆ. ತಂಪಾಗಿತ್ತು. ನಮ್ಮನ್ನು ಸುಡುತ್ತಿದ್ದ ಅದೇ ಗಾಳಿ, ಒಂದು ಪದರು ಒದ್ದೆ ಬಟ್ಟೆ ದಾಟುವಷ್ಟರಲ್ಲಿ ಇದನ್ನು ತಣಿಸಿತ್ತು. ಸಾಲಿಯಲ್ಲಿ ಇದನ್ನು ಓದಿ ಪಾಸಾದವನು ನಾನು. ಗೊತ್ತಾದದ್ದು ಆ ಹೊತ್ತು. ಭಾವ ಕಾರು ಬದಿಗೆ ನಿಲ್ಲಿಸಿ, ಮುಟ್ಟಿ, ಮತ್ತೆ ಮುಟ್ಟಿ, ತಾವು ಕುಡಿಯುತ್ತಿದ್ದ ಬಾಟಲಿಯ ನೀರನ್ನು ಚಾದರದ ಮೇಲೆ ಸುರಿದರು. ಪಂಪು ಬಂತು, ಬರ್ಫ ತರೋಣವೇ ಎಂದು ಯಾರೂ ಕೇಳಲಿಲ್ಲ. ನೀರು ತುಂಬಿಕೊಂಡು ಹೊರಟೆವು.

ಮಸ್ಕತ್ತಿನಿಂದ ಡಬ್ಬಿ ವಿಮಾನದ ಲಗೇಜಿನಲ್ಲಿ ಬಂತು. ಊರು ಮುಟ್ಟಿದ ಸಂಜೆಯೇ ದೊಡ್ಡವ್ವ ಹಾಲು ಉಗುರುಬೆಚ್ಚಗೆ ಮಾಡಿ ಹೆಪ್ಪು ಹಾಕಿದಳು. ಬೆಳಿಗ್ಗೆ ಗಡಿಗೆ ಓರೆ ಮಾಡಿದಳು. ಮೊಸರು ಅಲುಗಲಿಲ್ಲ. ಬೆರಳಿಗೆ ಹಚ್ಚಿ ನೆಕ್ಕಿದಳು.

"ಅದ ಐತಿ," ಅಂದಳು.

ಮೊದಲು ಹೆಪ್ಪಿಗೆಂದು ಒಂದು ಬಟ್ಟಲು ತೆಗೆದು, ನಮ್ಮ ಕೈಗೆ ಸಿಗದಂತೆ ಒಳಮನೆಯ ನೆಲುವಿನ ಮೇಲಿಟ್ಟಳು. ಆಮೇಲೆ ತಾಟು ಹತ್ತಿರ ಎಳೆದುಕೊಂಡಳು.