ಸೊಟ್ಟಪ್ಪನ ಎಡಗೈ

ನಮ್ಮ ಭಾವನಿಗೆ ನೆಲದ ಮೇಲೆ ನಡೆಯುವುದಕ್ಕಿಂತ ಆಕಾಶದಲ್ಲಿ ಕೂರುವುದೇ ಹೆಚ್ಚು ರೂಢಿ. ದೊಡ್ಡ ಕಟ್ಟಡ ಏಳುವ ಕಡೆ ಗೋಪುರದ ಹಾಗೆ ನಿಂತಿರುತ್ತದಲ್ಲ ಕ್ರೇನು, ಅದರ ತುದಿಯ ಗಾಜಿನ ಗೂಡಿನಲ್ಲಿ ಅವರ ಕೆಲಸ. ಎರಡು ಕೈಗೆ ಎರಡು ಹಿಡಿ. ಬಲಗೈಯದು ಹೊರೆಯನ್ನು ಎತ್ತಿ ಇಳಿಸುತ್ತದೆ, ಎಡಗೈಯದು ಕ್ರೇನಿನ ತೋಳನ್ನು ಅತ್ತಿತ್ತ ತಿರುಗಿಸುತ್ತದೆ. ಕೆಳಗೆ ನಿಂತು ವಾಕಿಟಾಕಿಯಲ್ಲಿ ದಾರಿ ಹೇಳುವವರು ನಮ್ಮ ಮನೆಯವರು. ಅಕ್ಕತಂಗಿಯರನ್ನು ಕಟ್ಟಿಕೊಂಡ ಷಡ್ಡಕರಿಬ್ಬರಲ್ಲಿ ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ಇವರು ‘ಮೆತ್ತಗೆ’ ಅನ್ನುವ ಮೊದಲೇ ಅವರು ಮೆತ್ತಗೆ ಇಳಿಸಿರುತ್ತಿದ್ದರು. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಅವರು ಮೆತ್ತಗಣ್ಣ. ಮಾತು ಮಾತ್ರ ಕಲ್ಲು ಒಡೆದಂತೆ. ಅಕ್ಕ ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕಿದರೂ ಸಾಕು, “ಹೊರೆ ಇಳಿಸೋಕೆ ಬರಲ್ವೇನೇ ನಿಂಗೆ?” ಎಂದು ಗದರುವರು.

ಭಾನುವಾರ ಮಧ್ಯಾಹ್ನ ನಾವೆಲ್ಲ ಅಕ್ಕನ ಮನೆಯಲ್ಲಿ ಸೇರುತ್ತಿದ್ದೆವು. ಅವಳ ಮಗಳು ಕಾಲೇಜಿನ ಗೆಳತಿಯರಿಂದ ಕಲಿತು ಟೀವಿಯಲ್ಲಿ ಒಂದು ವೀಡಿಯೊ ಗೇಮ್ ಹಚ್ಚಿದ್ದಳು. ಬೇಕೆಂದೇ ಸೊಟ್ಟಗೆ ಮಾಡಿದ ಆಟ ಅದು. ಮೂಳೆಯೇ ಇಲ್ಲದ ಒಬ್ಬ ಮನುಷ್ಯ ಎರಡು ಕೈಯಲ್ಲಿ ಎರಡು ಲೋಟ ಹಿಡಿದು, ಮೆಟ್ಟಿಲು ಹತ್ತಿ, ಮಹಡಿಯಲ್ಲಿ ಕಾಯುತ್ತಿರುವ ಅತ್ತೆಗೆ ಕೊಡಬೇಕು. ಆಡುವ ರಿಮೋಟಿನ ಮೇಲೆ ಎರಡು ಪುಟ್ಟ ಹಿಡಿ; ನಮ್ಮ ಎಡ ಹೆಬ್ಬೆರಳು ಅವನ ಎಡಗೈ, ಬಲ ಹೆಬ್ಬೆರಳು ಬಲಗೈ; ಕಾಲಿಗೆ ಬೇರೆ ಗುಂಡಿಗಳು. ಒಂದು ಕಾಲನ್ನು ಎತ್ತಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಅವನು ಬಾಗಿಲಿಗೆ ಮುಖ ಗುದ್ದಿಕೊಂಡು, ಕುರ್ಚಿಯನ್ನು ಅಪ್ಪಿಕೊಂಡು, ಮೆಟ್ಟಿಲ ಮೇಲಿಂದ ಉರುಳಿ ಬೀಳುವುದನ್ನು ನೋಡಿ ನಕ್ಕೂ ನಕ್ಕೂ ನಮ್ಮ ಹೊಟ್ಟೆ ಹುಣ್ಣಾಗುತ್ತಿತ್ತು. ಅವನಿಗೆ ಸೊಟ್ಟಪ್ಪ ಎಂದು ಹೆಸರಿಟ್ಟವಳು ಅಕ್ಕ.

ಮೊದಮೊದಲು ಸೊಟ್ಟಪ್ಪನನ್ನು ನೆಟ್ಟಗೆ ನಡೆಸಿದವರು ಭಾವ ಒಬ್ಬರೇ. ಎರಡು ಹಿಡಿಯ ಕೆಲಸ ಅವರಿಗೆ ನೀರು ಕುಡಿದಷ್ಟು ಸುಲಭ. ಅತ್ತೆಗೆ ಲೋಟ ತಲುಪಿದಾಗ ಅವರು ಮೀಸೆ ತಿರುವಿ ನಮ್ಮನ್ನು ನೋಡುತ್ತಿದ್ದ ರೀತಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಮೇಲೆ ಅವರ ಸೊಟ್ಟಪ್ಪನೂ ಬೀಳತೊಡಗಿದ. ನಮಗೆ ಖುಷಿಯೋ ಖುಷಿ. ಜಂಬ ಇಳಿಯಿತು ಎಂದು ನಾನೇ ಎಲ್ಲರಿಗಿಂತ ಜೋರಾಗಿ ನಕ್ಕೆ. ಭಾವನೂ ನಗುತ್ತಿದ್ದರು. ಬಿದ್ದಷ್ಟೂ “ಇನ್ನೊಂದು ಸಲ” ಅನ್ನುತ್ತಿದ್ದರು. ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಆ ಹಟ ನನಗೆ ಯಾಕೋ ಸರಿ ಕಾಣಲಿಲ್ಲ. ಅವರ ಅಂಗಿಯ ಗುಂಡಿಗಳನ್ನು ಈಗ ಅಕ್ಕ ಹಾಕುತ್ತಿದ್ದಳು, ಅದನ್ನೂ ಸರಸ ಎಂದುಕೊಂಡು ನಾವು ಚುಡಾಯಿಸಿದ್ದೆವು. ಅದೇ ದಿನಗಳಲ್ಲಿ ನಮ್ಮವರು ಭುಜ ತರಚಿಕೊಂಡು ಮನೆಗೆ ಬಂದರು. ಗೋಡೆ ತಾಗಿತು ಎಂದರು. ಗೋಡೆ ತಾನಾಗಿ ನಡೆದು ಬಂದು ತಾಗುವುದಿಲ್ಲವಲ್ಲ.

ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಕ್ಷರದ ಬೋರ್ಡಿನ ಮುಂದೆ ಕೂರಿಸಿದರೆ ಬಂದವರಲ್ಲಿ ಅರ್ಧ ಜನ “ಬೋರ್ಡೇ ಮಸುಕಾಗಿದೆ” ಅನ್ನುತ್ತಾರೆ, ಕಣ್ಣು ಅನ್ನುವುದಿಲ್ಲ. ಹಾಗಾಗಿ ಸೊಟ್ಟಪ್ಪನನ್ನು ಗಮನವಿಟ್ಟು ನೋಡಿದೆ. ನಮ್ಮ ಕೈಯಲ್ಲಿ ಅವನು ಹೇಗೆ ಹೇಗೋ ಬೀಳುತ್ತಿದ್ದ, ಯಾವ ಲೋಟ ಜಾರುತ್ತದೋ ಹೇಳಲಾಗುತ್ತಿರಲಿಲ್ಲ. ಭಾವನ ಕೈಯಲ್ಲಿ ಜಾರುತ್ತಿದ್ದುದು ಎಡಗೈಯ ಲೋಟ ಮಾತ್ರ.

ಒಂದು ಭಾನುವಾರ ಅಕ್ಕನ ಮಗಳು ಅಪ್ಪನಿಗೆ ಗೊತ್ತಾಗದ ಹಾಗೆ ಆಟದೊಳಗೆ ಕೈಗಳನ್ನು ಅದಲುಬದಲು ಮಾಡಿದಳು. ಈಗ ಎಡ ಹೆಬ್ಬೆರಳು ಒತ್ತಿದರೆ ಸೊಟ್ಟಪ್ಪನ ಬಲಗೈ ಆಡುತ್ತದೆ. ಭಾವ ಒದ್ದಾಡುವುದನ್ನು ನೋಡಬೇಕೆಂದು ಎಲ್ಲರೂ ಮುಂದೆ ಸರಿದು ಕೂತರು. ಭಾವ ಒಂದು ಗಳಿಗೆ ತಡವರಿಸಿ, ಮಗಳ ಕಿಲಾಡಿತನ ಕಂಡುಹಿಡಿದು, “ಅಪ್ಪನಿಗೇ ಟೋಪಿನಾ?” ಎಂದು ಸಲೀಸಾಗಿ ಹೊಂದಿಕೊಂಡರು. ಸೊಟ್ಟಪ್ಪ ಮೆಟ್ಟಿಲು ಹತ್ತಿದ. ಅಷ್ಟು ದಿನ ಜಾರುತ್ತಿದ್ದ ಎಡಗೈಯ ಲೋಟ ಅಲುಗಲಿಲ್ಲ. ಬಲಗೈಯ ಲೋಟ ಬಿತ್ತು. ಮತ್ತೆ ಹತ್ತಿದ, ಮತ್ತೆ ಬಲಗೈಯದೇ. ಎಲ್ಲರೂ ನಕ್ಕರು. ಸೊಟ್ಟಪ್ಪನ ಕೈ ಬದಲಾದರೂ ಬೀಳಿಸುತ್ತಿದ್ದ ಹೆಬ್ಬೆರಳು ಅದೇ. ಭಾವ ತಮ್ಮ ಎಡ ಹೆಬ್ಬೆರಳನ್ನು ನೋಡುತ್ತಿದ್ದರು.

ಸಂಜೆ ಬಸ್ ನಿಲ್ದಾಣದಲ್ಲಿ ನಮ್ಮವರಿಗೆ ಹೇಳಿದೆ. “ಭಾವನ ಎಡಗೈಗೆ ಏನೋ ಆಗಿದೆ.”

“ಗೊತ್ತು” ಎಂದರು.

“ಗೊತ್ತಾ? ಗೊತ್ತಿದ್ದೂ ಸುಮ್ಮನಿದ್ದೀರಾ?”

“ಮೆತ್ತಗಣ್ಣನ ಕೈಹಿಡಿದು ಕೆಲಸ ಕಲಿತೋನು ನಾನು. ನಿಮ್ಮ ಕೈ ಸರಿ ಇಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ತಾವೇ ಇಳಿದು ಬರ್ತಾರೆ ಬಿಡು.”

“ಅಲ್ಲೀವರೆಗೆ?”

“ಬೇರೆ ಯಾರನ್ನೂ ಹತ್ರ ಬಿಡಲ್ಲ. ಹೊರೆ ಅಡ್ಡ ಬಂದ್ರೆ ನಾನೇ ಒಳಗೆ ಹೋಗಿ ತಳ್ಳಿ ಕೂರಿಸ್ತೀನಿ. ನಾಳೆ ಮೆಟ್ಟಿಲಿನ ತುಂಡುಗಳು ಇಳೀಬೇಕು, ಅದೊಂದು ಮುಗೀಲಿ.”

ಭುಜ ತರಚಿದ್ದು ಯಾವ ಗೋಡೆಯೆಂದು ಆಗ ತಿಳಿಯಿತು. ಮೆಟ್ಟಿಲಿನ ಒಂದೊಂದು ತುಂಡೂ ಬೇರೆ ಕಡೆ ಎರಕ ಹೊಯ್ದು ತಂದ ಕಾಂಕ್ರೀಟಿನದು, ಒಂದು ಲಾರಿಗೆ ಒಂದೇ ಹಿಡಿಸುವಂಥದು. ಬಸ್ಸು ಬಂತು, ಹತ್ತಿದೆವು, ಇಡೀ ದಾರಿ ನಾನು ಅವರ ತೋಳು ಬಿಡಲಿಲ್ಲ. ಇಬ್ಬರ ಮೇಲೂ ಕೆಟ್ಟ ಕೋಪ ಬಂದಿತ್ತು.

ಮಾರನೆಯ ಬೆಳಿಗ್ಗೆ ಅಂಗಡಿಗೆ ಹೋಗದೆ ಕ್ರೇನಿನ ಬುಡಕ್ಕೆ ಹೋದೆ. ಭಾವ ಏಣಿಯ ಮುಂದೆ ನಿಂತು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು.

“ಭಾವ, ಇವತ್ತು ಹತ್ತಬೇಡಿ.”

“ಸೊಟ್ಟಪ್ಪ ಬಿದ್ದ ಅಂತ ನಾನು ಕ್ರೇನು ಹತ್ತಬಾರದಾ? ಬೀಳೋಕೇ ಅಂತ ಮಾಡಿರೋ ಆಟ ಕಣಮ್ಮ ಅದು.”

“ಬೋರ್ಡೇ ಸರಿ ಇಲ್ಲ ಅನ್ನೋರನ್ನ ನಾನು ದಿನಾ ನೋಡ್ತೀನಿ.”

ಅವರು ಮುಖ ಗಂಟಿಕ್ಕಿದರು. “ನಿನ್ನ ಗಂಡ ಕೆಳಗಿರೋವರೆಗೂ ನಂಗೆ ಭಯ ಇಲ್ಲ. ದಾರಿ ಬಿಡು.”

“ಹೊರೆ ಇಳಿಯುವಾಗ ಅವರು ಎಲ್ಲಿ ನಿಲ್ತಾರೆ, ನೋಡಿದ್ದೀರಾ?”

“ಗೆರೆ ಆಚೆ. ಇನ್ನೆಲ್ಲಿ?”

ಹೊರೆ ಇಳಿಯುವ ಜಾಗದ ಸುತ್ತ ನೆಲದ ಮೇಲೆ ಹಳದಿ ಬಣ್ಣದ ಗೆರೆ ಎಳೆದಿದ್ದರು. ಹೊರೆ ಗಾಳಿಯಲ್ಲಿರುವಾಗ ಯಾರೂ ಅದನ್ನು ದಾಟುವಂತಿಲ್ಲ.

“ಹೊರೆಯ ಅಡಿ ಮೇಲಿಂದ ನಿಮಗೆ ಕಾಣಲ್ಲ ಭಾವ. ಎಲ್ಲರನ್ನೂ ಗೆರೆ ಆಚೆ ಕಳಿಸಿ ಇವರೊಬ್ಬರೇ ಒಳಗೆ ಬರ್ತಾರೆ. ನಿಮ್ಮ ಕೈ ತಪ್ಪಿದ್ದನ್ನ ಭುಜ ಕೊಟ್ಟು ಸರಿ ಮಾಡ್ತಾರೆ. ಇವತ್ತೂ ಬರ್ತಾರೆ.”

ಭಾವ ಏಣಿಯನ್ನು ನೋಡಿದರು. ಗೆರೆಯನ್ನು ನೋಡಿದರು. ಆಚೆ ಲಾರಿಯ ಮೇಲೆ ಮೊದಲ ತುಂಡು ಬಂದು ಕಾದಿತ್ತು, ಅದಕ್ಕೆ ಸರಪಳಿ ಬಿಗಿಯುತ್ತಿದ್ದವರು ನಮ್ಮವರೇ. ಭಾವ ಅವರನ್ನೂ ನೋಡಿದರು. ಆಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಹೋದರು, ಬೆರಳು ಕೇಳಲಿಲ್ಲ. ನಾನೇ ಬಿಚ್ಚಿದೆ.

ಕೆಲಸ ಮುಗಿಸಿ ನಮ್ಮವರು ನೇರ ಅಕ್ಕನ ಮನೆಗೆ ಬಂದರು. ಭಾವನಿಗೆ ಹೇಳಿಬಿಟ್ಟೆನೆಂಬ ಸಿಟ್ಟಿಗೆ ನನ್ನತ್ತ ತಿರುಗಿಯೂ ನೋಡಲಿಲ್ಲ. ಅಕ್ಕನಿಗೆ ಕೈಯ ವಿಷಯ ಹೇಳಿಯಾಗಿತ್ತು, ಗೆರೆಯ ವಿಷಯ ಹೇಳಿರಲಿಲ್ಲ; ಅವಳು ದೊಡ್ಡಾಸ್ಪತ್ರೆಯ ಹೆಸರುಗಳನ್ನು ಒಂದೇ ಸಮನೆ ಹೇಳುತ್ತಿದ್ದಳು. ಭಾವ ಅವಳ ಮಾತು ತಡೆದು ಕೇಳಿದರು: “ತುಂಡುಗಳು ಇಳಿದವಾ?”

“ಇಳಿದವು ಅಣ್ಣ. ಇನ್ನೊಂದು ಪಾಳಿಯೋನು ಬಂದಿದ್ದ.”

“ಹೇಗೆ ಇಳಿಸಿದ?”

“ಧಡ್ ಅಂತ ಕುಕ್ಕಿದ. ನಿಮ್ಮ ಕೈ ಎಲ್ಲಿ ಬರಬೇಕು ಅವನಿಗೆ.”

“ನೀನು ಎಲ್ಲಿ ನಿಂತಿದ್ದೆ?”

ನಮ್ಮವರು ಕೈ ಒರೆಸಿಕೊಂಡರು.

“ಗೆರೆ ಆಚೆ” ಎಂದರು ಕೊನೆಗೆ.

ಭಾವ ತಲೆಯಾಡಿಸಿದರು. ಮತ್ತೆ ತಲೆಯಾಡಿಸಿ, ಚಿಕ್ಕ ಮಕ್ಕಳ ಹಾಗೆ ಅಳತೊಡಗಿದರು. “ಅದರಲ್ಲಿ ಅಳೋದೇನಿದೆ?” ಎಂದು ಅಕ್ಕ ಗಾಬರಿಯಾಗಿ ನಮ್ಮ ಮುಖ ನೋಡಿದಳು. ನಮ್ಮವರು ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತರು.