ಆಯಿ ಹೆಸರು ಹೇಳದ ಔಷಧ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮುಟ್ಟಿನ ತೊಂದರೆಗೆ ಔಷಧ ಕೊಡುತ್ತಿದ್ದಳು. ಅತ್ತಿವೇರಿ ಕಡೆಯ ಊರುಗಳಿಂದೆಲ್ಲ ಹೆಂಗಸರು ಹುಡುಕಿಕೊಂಡು ಬರುತ್ತಿದ್ದರು. ಕಟ್ಟಳೆ ಒಂದೇ: ಗಿಡದ ಹೆಸರನ್ನು ಅವರು ಕೇಳಬಾರದು, ಅವಳು ಹೇಳಬಾರದು. ಹೆಸರು ಬಾಯಿಂದ ಬಿತ್ತೋ, ಕೈಗುಣ ಹೋಯಿತು. ಅವಳು ಹಿತ್ತಲಲ್ಲಿ ಅರೆಯುವಾಗ ಅವ್ವ ಕೂಡ ಅತ್ತ ಸುಳಿಯುತ್ತಿರಲಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ ನನ್ನ ಮುಟ್ಟು ನಿಲ್ಲಲೇ ಇಲ್ಲ. ಆಯಿ ಬೆಳಿಗ್ಗೆ ಸಂಜೆ ಮಜ್ಜಿಗೆಯಲ್ಲಿ ಕಲಸಿ ಕುಡಿಸಿದಳು. ಆದರೂ ಹರಿಯುತ್ತಲೇ ಇತ್ತು. ಎದ್ದರೆ ಕಣ್ಣು ಕತ್ತಲೆ, ಕೂತರೆ ಎದೆ ಡವಡವ. ಸಾಯುತ್ತೇನೆ ಎಂದೇ ಅನಿಸಿತ್ತು. ಹೇಳಿದರೆ ಎಲ್ಲಿ ನಿಜವಾಗುತ್ತದೋ ಎಂದು ಹೆದರಿ ಸುಮ್ಮನಿದ್ದೆ. ಬಚ್ಚಲಲ್ಲಿ ಬಿದ್ದ ದಿನ ಅವ್ವ ಯಾರ ಮಾತನ್ನೂ ಕೇಳದೆ ಟಂಟಂ ಆಟೋದಲ್ಲಿ ಮುಂಡಗೋಡಕ್ಕೆ ಕರೆದೊಯ್ದಳು. ಆಯಿಯೂ ಹತ್ತಿ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರ್‌ಬಾಯಿ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದರು. "ಮನ್ಯಾಗ ಏನ್ ಕೊಟ್ಟೀರಿ?"

ಅವ್ವ ಆಯಿಯ ಮುಖ ನೋಡಿದಳು.

"ಗಿಡದ ಔಷಧಾ ರೀ," ಅಂದಳು ಆಯಿ.

"ಯಾವ ಗಿಡ? ಕೆಲವು ರಕ್ತಾ ಹೋಗೂದು ಹೆಚ್ಚ ಮಾಡ್ತಾವ. ಗೊತ್ತಿಲ್ದ ನಾ ಹೆಂಗ ಔಷಧಾ ಕೊಡ್ಲಿ?"

ಆಯಿ ಬಾಗಿಲ ಕಡೆ ತಿರುಗಿ ನಿಂತಳು. ಏನು ಕುಡಿಸಿದ್ದಾಳೋ, ವಿಷವೋ ಏನೋ ಎಂಬ ಯೋಚನೆ ಆಗಲೇ ಮೊದಲ ಸಲ ಬಂದದ್ದು. ಅವಳ ಸೆರಗು ಹಿಡಿದೆ. "ಆಯಿ, ನನಗ ಅಂಜಿಕಿ ಬರಾಕತ್ತೇತಿ. ಹೇಳಬೇ."

ಅವಳು ಕಣ್ಣು ಮುಚ್ಚಿಕೊಂಡಳು. "ದಾಸಾಳದ ಮೊಗ್ಗಿ. ಮುಟ್ಟಿದರ ಮುನಿ ಬೇರು. ಅಷ್ಟ ರೀ."

ಅಷ್ಟೇ! ಎರಡೂ ನಮ್ಮ ಬೇಲಿಯಲ್ಲೇ ಇದ್ದವು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆಯಿ ಹೆಸರು ಮುಚ್ಚಿಟ್ಟು ಅದನ್ನೇ ಮದ್ದು ಮಾಡಿದ್ದಳು.

"ಅದರಿಂದ ಹಿಂಗ ಆಗಿಲ್ಲ. ಆದ್ರ ಮೈಯಾಗ ರಕ್ತಾನ ಇಲ್ಲ, ಇಷ್ಟ ದಿನಾ ಕಾಯಬಾರದಿತ್ತು," ಎಂದು ಡಾಕ್ಟರ್‌ಬಾಯಿ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ರಕ್ತ ಏರಿಸಿದರು, ಗುಳಿಗೆ ಕೊಟ್ಟರು. ಕೊನೆಗೂ ನಿಂತಿತು.

ಆಮೇಲೆ ಮನೆಗೆ ಬಂದ ಹೆಂಗಸರನ್ನೆಲ್ಲ ಆಯಿ, "ದವಾಖಾನಿಗೆ ಹೋಗ್ರಿ," ಎಂದು ಬಾಗಿಲಿನಿಂದಲೇ ಕಳಿಸತೊಡಗಿದಳು. ಮುಂದಿನ ಸಲ ನನಗೆ ಮುಟ್ಟು ಬಂದಾಗ ಮೊದಲು ಹೇಳಿದ್ದು ಅವಳಿಗೇ. ಅವಳ ಮುಖ ಬಿಳಿಚಿಕೊಂಡಿತು. ಅವಳ ಹೆದರಿಕೆಯ ಮುಂದೆ ಆಸ್ಪತ್ರೆಯಲ್ಲಿ ನಾನು ಹೆದರಿದ್ದು ಏನೇನೂ ಅಲ್ಲ. ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

"ಈಗ ನನ್ನ ಹತ್ರ ಕೊಡಾಕ ಏನೂ ಇಲ್ಲ, ಯವ್ವಾ."