ಮಾಮಾನ ಸ್ಟ್ಯಾಂಡು, ನನ್ನ ಲೇಖನ

ಗಂಗಾವತಿಯಲ್ಲಿ ಬಸ್ಸಿಳಿದು ಪೇಟೆಂಟ್ ಪಡೆದ ಸಂಶೋಧಕರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಕಾಟಾ ರಿಪೇರಿಯವರು ಎಂದರೆ ಆಟೋದವರೇ ಕೂರಿಸಿಕೊಂಡು ಬಂದು ಬಾಗಿಲಿಗೆ ಇಳಿಸುತ್ತಾರೆ. ರೈಸ್ ಮಿಲ್ಲಿನ ದೊಡ್ಡ ಕಾಟಾದಿಂದ ಹಿಡಿದು ಬಂಗಾರದಂಗಡಿಯ ಪುಟ್ಟ ತಕ್ಕಡಿಯವರೆಗೆ, ತೂಗುವ ವಸ್ತು ಯಾವುದು ಕೆಟ್ಟರೂ ನನ್ನ ಸೋದರಮಾವನ ಅಂಗಡಿಗೇ ಬರುತ್ತದೆ. ಅವರು ಓದಿದ್ದು ಒಂಬತ್ತನೆಯ ತರಗತಿ. ಹತ್ತನೆಯದಕ್ಕೆ ಯಾಕೆ ಹೋಗಲಿಲ್ಲ ಎಂದು ಕೇಳಿದರೆ, "ಒಂಬತ್ತರಾಗ ಮಾಸ್ತರರ ತಪ್ಪು ಹುಡುಕಾಕ ಶುರು ಮಾಡಿದ್ನಿ, ಅವರಽ ಬ್ಯಾಡ ಅಂದ್ರು" ಎನ್ನುತ್ತಾರೆ. ನಾನೂ ಶಿಕ್ಷಕಿಯೇ ಆದ್ದರಿಂದ ಆ ಮಾಸ್ತರರ ಕಷ್ಟ ನನಗೆ ಅರ್ಥವಾಗುತ್ತದೆ.

ನಾನು ಯಲಬುರ್ಗಾದಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮಾಮಾನ ಪೇಟೆಂಟ್ ಅರ್ಜಿಗಳನ್ನು ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ಹಾಗೆ. ಅವರು ಕನ್ನಡದಲ್ಲಿ ಹೇಳುವುದು, ನಾನು ಬರೆದುಕೊಳ್ಳುವುದು, ರಾತ್ರಿ ಊಟದ ಹೊತ್ತಿಗೆ ಇಬ್ಬರೂ ಜಗಳವಾಡಿ ಮುಖ ತಿರುಗಿಸಿಕೊಳ್ಳುವುದು. ನಾನು ಚಂದದ ವಾಕ್ಯ ಬರೆದರೆ, "ಇದರಾಗ ಎಷ್ಟು ಸೂತ ಅಂತ ಎಲ್ಲಿ ಐತಿ?" ಎಂದು ಕೇಳುತ್ತಿದ್ದರು. ಸೂತ ಎಂದರೆ ಇಂಚಿನ ಎಂಟನೆಯ ಒಂದು ಪಾಲು; ಅಳತೆ ಇಲ್ಲದ ಮಾತು ಅವರ ಕಿವಿಗೆ ಹೋಗುವುದೇ ಇಲ್ಲ.

ಮೊದಲನೆಯ ಪೇಟೆಂಟ್ ಭತ್ತದ ತೇವ ಅಳೆಯುವ ಯಂತ್ರದ್ದು. ಸಿದ್ದಾಪುರದ ಕಡೆ ಸುಗ್ಗಿ ಬಂದಾಗ ಖರೀದಿಗೆ ಬಂದವರು ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ, ಹಸಿ ಐತಿ ಎಂದುಬಿಡುತ್ತಿದ್ದರು. ರೈತರು ಇನ್ನೊಂದು ಕಾಳು ಕಚ್ಚಿ ಒಣಗೈತಿ ಎನ್ನುತ್ತಿದ್ದರು. ಇಬ್ಬರ ಹಲ್ಲಿನ ನಡುವೆ ನ್ಯಾಯ ಎಲ್ಲಿ ಸಿಗಬೇಕು? ಮಾಮಾ ಒಂದು ಹಿಡಿ ಭತ್ತ ಹಾಕಿ ಹಿಡಿಕೆ ತಿರುಗಿಸಿದರೆ ಅಂಕಿ ತೋರಿಸುವ ಡಬ್ಬಿ ಮಾಡಿದರು. ಎರಡನೆಯದಕ್ಕೆ ನಾನೇ ಕಾರಣ. ನಮ್ಮ ಶಾಲೆಯ ಪ್ರಯೋಗಾಲಯದ ತಕ್ಕಡಿ ಫ್ಯಾನು ಹಾಕಿದರೆ ಕುಣಿಯುತ್ತದೆ, ಹಾಕದಿದ್ದರೆ ಮಕ್ಕಳು ಬೆವರಿನಲ್ಲಿ ತೊಯ್ಯುತ್ತಾರೆ ಎಂದು ಒಮ್ಮೆ ಗೊಣಗಿದ್ದೆ. ಮೂರು ತಿಂಗಳ ಮೇಲೆ ಅವರು ಫ್ಯಾನಿನ ಕೆಳಗೇ ಅಲುಗದೆ ನಿಲ್ಲುವ ತಕ್ಕಡಿಯನ್ನು ಸ್ಕೂಟರಿನ ಮೇಲೆ ಕಟ್ಟಿಕೊಂಡು ಬಂದರು. ಮನುಷ್ಯರು ಗೊಣಗುವುದನ್ನು ಇಷ್ಟು ಗಮನವಿಟ್ಟು ಕೇಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನ ಗಂಡನೂ ಈ ಮಾತು ಓದಲಿ ಎಂದೇ ಬರೆಯುತ್ತಿದ್ದೇನೆ.

ಮೂರನೆಯದು ಸ್ಟ್ಯಾಂಡು. ಅದು ಹುಟ್ಟಿದ್ದು ಗದ್ದೆಯ ಬದುವಿನ ಮೇಲೆ. ಕಾಲುವೆಯ ಅಳತೆಗೆ ಬಂದವರು ಮೂರು ಕಾಲಿನ ಸ್ಟ್ಯಾಂಡನ್ನು ಕೆಸರಿನಲ್ಲಿ ಊರಿ, ಮೇಲಿನ ದುರ್ಬೀನನ್ನು ಮಟ್ಟ ಮಾಡುವಷ್ಟರಲ್ಲಿ ಒಂದು ಕಾಲು ಕುಸಿಯುತ್ತಿತ್ತು. ಮತ್ತೆ ಮೊದಲಿನಿಂದ. ಮಿಲ್ಲಿಗೆ ಹೊರಟಿದ್ದ ಮಾಮಾ ಅಲ್ಲೇ ನಿಂತು ಅದನ್ನು ನೋಡುತ್ತ ಮಧ್ಯಾಹ್ನದ ಊಟ ಮರೆತರು. ಮನೆಗೆ ಬಂದು ನನಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ನಿಲ್ಲಿಸಿದ್ದು ಕುಸೀತೈತಿ. ತೂಗಬಿಟ್ರ ಹೆಂಗ ಕುಸೀತೈತಿ?"

ಅವರ ಸ್ಟ್ಯಾಂಡಿನಲ್ಲಿ ದುರ್ಬೀನು ಮೇಲೆ ಕೂರುವುದಿಲ್ಲ, ಒಂದರೊಳಗೊಂದು ತಿರುಗುವ ಲೋಹದ ಬಳೆಗಳ ನಡುವೆ ತೂಗುತ್ತದೆ. ಕೆಳಗೊಂದು ಭಾರದ ಗುಂಡು. ಕಾಲುಗಳು ಹೇಗಾದರೂ ಸೊಟ್ಟಗಾಗಲಿ, ಗುಂಡು ನೆಟ್ಟಗೆ ಕೆಳಗೇ ಜಗ್ಗುವುದರಿಂದ ದುರ್ಬೀನು ಮಟ್ಟವಾಗಿ ನಿಲ್ಲುತ್ತದೆ. ಇಷ್ಟು ಉಪಾಯ ಹಳೆಯದೇ, ಆದರೆ ತೂಗುವ ವಸ್ತು ಸುಮ್ಮನೆ ನಿಲ್ಲದೆ ಓಲಾಡುತ್ತದೆ. ಮಾಮಾನ ಬುದ್ಧಿ ಇದ್ದದ್ದು ಗುಂಡಿನ ಹೊಟ್ಟೆಯೊಳಗೆ: ಅಲ್ಲಿ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ರೂಪಾಯಿ ಬಿಲ್ಲೆಯಷ್ಟು ಅಗಲದ, ತೂತುಗಳಿರುವ ಒಂದು ತಟ್ಟೆ. ಆ ತೂತುಗಳ ಅಳತೆ ಹಿಡಿಯಲು ಅವರಿಗೆ ಒಂದು ವರ್ಷ ಬೇಕಾಯಿತು. ಕೊನೆಗೆ ಸ್ಟ್ಯಾಂಡನ್ನು ಒದ್ದರೂ ನಾನು ಮೂರು ಎಣಿಸುವುದರೊಳಗೆ ದುರ್ಬೀನು ನಿಂತುಬಿಡುತ್ತಿತ್ತು. ನಾನು ಒದ್ದೇ ನೋಡಿದ್ದೇನೆ.

ಸೈನ್ಯದಲ್ಲಿದ್ದ ತಾವರಗೇರಾದ ಒಬ್ಬ ಹವಾಲ್ದಾರರು ರಜೆಗೆ ಬಂದವರು, ಮನೆಯ ಕಿರಾಣಿ ಅಂಗಡಿಯ ಕಾಟಾ ರಿಪೇರಿಗೆ ತಂದಾಗ ಇದನ್ನು ಕಂಡರು. ಅವರೂ ಕಾಲಿನಿಂದ ನೂಕಿದರು. ಆಮೇಲೆ ಕಾಟಾ ಮರೆತು ನೆಲಕ್ಕೆ ಕುಳಿತು, "ಇದು ನಮಗ ಬೇಕ್ರಿ ಕಾಕಾ" ಎಂದರು. ಮರಳಿನಲ್ಲಿ, ಹಿಮದಲ್ಲಿ ದೂರ ಅಳೆಯುವ ಯಂತ್ರ ಮಟ್ಟ ಮಾಡುತ್ತ ಕೂರುವಷ್ಟರಲ್ಲಿ ಎದುರಿನವರು ನಮ್ಮನ್ನೇ ಅಳೆದು ಮುಗಿಸಿರುತ್ತಾರೆ ಎಂದು ನಗುತ್ತ ಹೇಳಿದರು. ಮಾಮಾ ನಗಲಿಲ್ಲ. ಹವಾಲ್ದಾರರು ಹೋದ ಮೇಲೆ, "ಆ ಹುಡುಗರ ಕೈಗೆ ಇದು ಮುಟ್ಟಬೇಕವ್ವಾ" ಎಂದರು. ಯಾವುದನ್ನೂ ಬೇಕು ಎಂದು ಬಾಯಿಬಿಟ್ಟು ಹೇಳುವವರಲ್ಲ ಅವರು. ಬೆಂಗಳೂರಿನಲ್ಲಿ ಸೈನ್ಯಕ್ಕೆ ಸಾಮಾನು ಮಾಡಿಕೊಡುವ ಒಂದು ಕಂಪನಿಗೆ ನಾನು ಪತ್ರ ಬರೆದೆ. ಅವರು ಬಂದು ನೋಡಿ ಮೆಚ್ಚಿದರು. ಪೇಟೆಂಟ್ ಕೈಗೆ ಬರಲಿ, ಮರುದಿನವೇ ತಯಾರಿಕೆ ಶುರು ಮಾಡೋಣ ಎಂದರು. ಪೇಟೆಂಟ್ ಇಲ್ಲದಿದ್ದರೆ ಇಲ್ಲ ಎಂದೂ ಹೇಳಿದರು.

ಅರ್ಜಿ ಬರೆದು ಮುಗಿಯುವ ಮೊದಲೇ ಮಹಾನವಮಿ ಬಂತು. ನಮ್ಮ ಕಡೆ ಖಂಡೇ ಪೂಜೆಯ ದಿನ ಅಂಗಡಿಯ ಸಾಮಾನೆಲ್ಲ ತೊಳೆದು, ವಿಭೂತಿ ಹಚ್ಚಿ, ಚೆಂಡು ಹೂ ಏರಿಸಿ ಸಾಲಾಗಿ ಇಡುತ್ತಾರೆ. ಓಣಿಯವರೆಲ್ಲ ಬಂದು ಕೈಮುಗಿದು ಹೋಗಬೇಕು. ಮಾಮಾ ಸ್ಟ್ಯಾಂಡನ್ನು ಮೂಲೆಯಲ್ಲಿಟ್ಟು ಮೇಲೊಂದು ಪಂಜೆ ಹೊದಿಸಿದ್ದರು. ಅಜ್ಜಿ, ಅಂದರೆ ಮಾಮಾನ ತಾಯಿ, ಕೋಲೂರುತ್ತ ಬಂದು ನೋಡಿದವಳೇ ಗದರಿದಳು.

"ಖಂಡೇಕ ಇಟ್ಟದ್ದಕ್ಕ ಯಾರರೆ ಅರಿವಿ ಮುಚ್ಚತಾರೇನು? ದೇವಿ ಏನ್ ನೋಡಬೇಕು, ನಿನ್ನ ಪಂಜೆ ನೋಡಬೇಕೇನು?"

ಪಂಜೆ ಎಳೆದವಳು ನಾನೇ. ಆ ಸಂಜೆ ಮಿಲ್ಲಿನ ಹಮಾಲರು, ಚಹಾದಂಗಡಿಯವರು, ಬಂಗಾರದಂಗಡಿಯವರು, ಯಾರು ಬಂದರೂ ಕೇಳಿದ್ದು ಅದೊಂದನ್ನೇ. ಮಾಮಾ ಪ್ರತಿಯೊಬ್ಬರಿಗೂ ಎಣ್ಣೆ, ತಟ್ಟೆ, ತೂತು ಎಲ್ಲ ವಿವರಿಸಿದರು. ಹಬ್ಬದ ದಿನ ಮನೆಗೆ ಬಂದವರು ಕೇಳಿದಾಗ ಹೇಳುವುದಿಲ್ಲ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ನಾನಂತೂ ಅಷ್ಟಕ್ಕೇ ನಿಲ್ಲಲಿಲ್ಲ. ಹೂವೇರಿಸಿದ ಸ್ಟ್ಯಾಂಡಿನ ಫೋಟೋ ತೆಗೆದು, ಕೊಪ್ಪಳದ ಒಂದು ದಿನಪತ್ರಿಕೆಗೆ ಅರ್ಧ ಪುಟದ ಲೇಖನ ಬರೆದೆ. ಮಾಮಾನ ಜೊತೆ ವರ್ಷಗಟ್ಟಲೆ ಜಗಳವಾಡಿ ಕಲಿತ ವಿದ್ಯೆಯೆಲ್ಲ ಅದರಲ್ಲಿತ್ತು. ತಟ್ಟೆಯ ಅಗಲ, ತೂತುಗಳ ಲೆಕ್ಕ, ಯಾವ ಎಣ್ಣೆ, ಎಷ್ಟು ಎಣ್ಣೆ, ಒಂದನ್ನೂ ಬಿಡಲಿಲ್ಲ. ಅವರ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ನನ್ನ ಹೆಸರು. ಆ ವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ನನ್ನ ನಡಿಗೆಯೇ ಬೇರೆ ಇತ್ತು.

ಅರ್ಜಿ ಹೋದದ್ದು ಅದಾಗಿ ಎರಡು ತಿಂಗಳ ಮೇಲೆ. ಇದನ್ನು ಮೊದಲು ಎಲ್ಲಾದರೂ ಬಹಿರಂಗಪಡಿಸಿದ್ದೀರಾ ಎಂದು ಅರ್ಜಿ ಸಲ್ಲಿಸಿಕೊಡುವ ನಮ್ಮ ಪೇಟೆಂಟ್ ಏಜೆಂಟರು ಕಳಿಸಿದ ಪಟ್ಟಿಯಲ್ಲಿ ಒಂದು ಪ್ರಶ್ನೆಯಿತ್ತು. ಬಹಿರಂಗ ಎಂದರೆ ಯಾವುದೋ ದೊಡ್ಡ ಪತ್ರಿಕೆ, ದೊಡ್ಡ ಸಭೆ ಎಂದುಕೊಂಡು ಇಲ್ಲ ಎಂದು ಗುರುತು ಹಾಕಿದೆ. ಆಮೇಲೆ ಆ ಅರ್ಜಿ ಸೈನ್ಯಕ್ಕೆ ಸಂಬಂಧಪಟ್ಟದ್ದೆಂದು, ಗುಟ್ಟಾಗಿ ಇಡಬೇಕೋ ಬೇಡವೋ ನೋಡಲು ಪೇಟೆಂಟ್ ಕಚೇರಿಯವರು ತಿಂಗಳುಗಟ್ಟಲೆ ತಡೆಹಿಡಿದಿದ್ದರು. ಆ ಹೊತ್ತಿಗೆ ನನ್ನ ಲೇಖನವಿದ್ದ ಹಾಳೆಯಲ್ಲಿ ಕುಷ್ಟಗಿಯ ಬಸ್ ನಿಲ್ದಾಣದವರು ಮಿರ್ಚಿ ಭಜಿ ಕಟ್ಟಿಕೊಟ್ಟು ಮುಗಿಸಿದ್ದರು.

ಎರಡು ವರ್ಷದ ಮೇಲೆ ವಿಚಾರಣೆಯ ನೋಟಿಸು ಬಂತು. ಆ ಕಚೇರಿಯ ಪರೀಕ್ಷಕರು ದೇಶವಿದೇಶದ ದಾಖಲೆಗಳನ್ನೆಲ್ಲ ಜಾಲಾಡಿದ್ದರು. ಇಂಥದ್ದು ಬೇರೆಲ್ಲೂ ಕಂಡಿಲ್ಲ, ಎರಡು ಸಣ್ಣ ವಿವರಣೆ ಕೊಟ್ಟರೆ ಸಾಕು ಎಂದಿದ್ದರು. ಆ ವಿವರಣೆಗೆಂದು ನಿಯಮಗಳನ್ನು ಓದುತ್ತ ಕುಳಿತವಳು ಒಂದು ಕಡೆ ನಿಂತುಬಿಟ್ಟೆ. ಅರ್ಜಿಗೆ ಮೊದಲು ಅದು ಯಾವ ಭಾಷೆಯಲ್ಲೇ ಆಗಲಿ, ಯಾವ ಊರಿನಲ್ಲೇ ಆಗಲಿ ಅಚ್ಚಾಗಿದ್ದರೆ ಹೊಸದಲ್ಲ. ಬರೆದವರು ಸ್ವಂತದವರಾದರೂ ಅಷ್ಟೇ. ನನ್ನ ಲೇಖನ ಅಚ್ಚಾದದ್ದು ಅರ್ಜಿಗೆ ಎರಡು ತಿಂಗಳ ಮೊದಲು.

ಎಂಟು ದಿನ ಯಾರಿಗೂ ಹೇಳಲಿಲ್ಲ. ಪರೀಕ್ಷಕರಿಗೆ ಕನ್ನಡ ಬರುವುದಿಲ್ಲ, ನಮ್ಮೂರಿನ ಪತ್ರಿಕೆ ಯಾವ ಕಂಪ್ಯೂಟರಿನಲ್ಲೂ ಇಲ್ಲ, ಬಾಯಿ ಮುಚ್ಚಿಕೊಂಡರೆ ಕೆಲಸವಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಶುಕ್ರವಾರ ಹುಲಿಗಿಗೆ ಹೋಗಿ, ಇದೊಂದು ದಾಟಿಸಿದರೆ ಉಡಿ ತುಂಬುತ್ತೇನೆ ಎಂದು ಹುಲಿಗೆಮ್ಮನಿಗೆ ಹರಕೆಯನ್ನೂ ಹೊತ್ತೆ. ವಾಪಸು ಬರುವ ಬಸ್ಸಿನಲ್ಲಿ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ಇಂಥ ಕೆಲಸಕ್ಕೆ ದೇವಿಯನ್ನೂ ಪಾಲುದಾರಳನ್ನಾಗಿ ಮಾಡಿದೆನಲ್ಲ! ಯಲಬುರ್ಗಾಕ್ಕೆ ಹೋಗದೆ ನೇರ ಗಂಗಾವತಿಗೆ ಹೋದೆ.

ಮಾಮಾ ಕೆಲಸ ನಿಲ್ಲಿಸದೆ ಕೇಳಿಸಿಕೊಂಡರು. ಪೂರ್ತಿ ಕೇಳಿದ ಮೇಲೆ ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಕುಕ್ಕಿದರು.

"ಯಾವತ್ತು ಗೊತ್ತಾತು?"

"ಎಂಟು ದಿನಾ ಆತ್ರಿ."

"ಎಂಟು ದಿನಾ ಸುಮ್ಮಿದ್ದೀ?"

ಅವರ ಸಿಟ್ಟು ಲೇಖನದ ಮೇಲಿರಲಿಲ್ಲ, ಆ ಎಂಟು ದಿನದ ಮೇಲಿತ್ತು. ನನಗೆ ಅಳು ಬಂತು. "ಯಾರಿಗೂ ಗೊತ್ತಾಗಂಗಿಲ್ರಿ ಮಾಮಾ. ಅವರಿಗೆ ಕನ್ನಡ ಬರಂಗಿಲ್ಲ. ಆ ಹುಡುಗರ ಕೈಗೆ ಮುಟ್ಟಬೇಕು ಅಂತಿದ್ರಲ್ಲ..." ಎಂದೆ.

"ನಲವತ್ತು ವರ್ಷ ಆತು ಮಂದಿ ಕಾಟಾ ಸರಿ ಮಾಡಿ," ಎಂದರು ಅವರು. "ತೂಕದ ಕಲ್ಲಿನ ಅಡಿ ಒಂದೀಟು ಮೇಣ ಹಚ್ಚಿಕೊಡ್ರಿ, ಯಾರಿಗೂ ಗೊತ್ತಾಗಂಗಿಲ್ಲ ಅಂತ ಎಷ್ಟು ಮಂದಿ ಬಂದಾರ ಗೊತ್ತೈತೇನು? ಅವರನ್ನೆಲ್ಲಾ ಬೈದು ಕಳಿಸೀನಿ. ಈಗ ನನ್ನ ಕಾಟಾಕ್ಕ ಮೇಣ ಹಚ್ಚಲೇನು?"

ಆಮೇಲೆ ದನಿ ಇಳಿಸಿ ಹೇಳಿದರು: "ಪೂಜಾಕ್ಕ ಇಟ್ಟಾಂವ ನಾನು, ಎಲ್ಲಾರಿಗೂ ಹೇಳಿದಾಂವ ನಾನು. ನೀ ಒಬ್ಬಾಕೀನಽ ಯಾಕ ಅಳತಿ? ಹೋಗು, ಆ ಪೇಪರ್ ಹುಡುಕು. ಇಂಗ್ಲಿಷಿಗೆ ಮಾಡು. ಒಂದು ಅಕ್ಷರ ಬಿಡಬ್ಯಾಡ."

ನನ್ನ ಲೇಖನವನ್ನು ನಾನೇ ಇಂಗ್ಲಿಷಿಗೆ ಅನುವಾದಿಸಿದೆ. ಒಂದೊಂದು ವಾಕ್ಯವೂ ಮಾಮಾನ ಸ್ಟ್ಯಾಂಡಿನ ಒಂದೊಂದು ಕಾಲು ಮುರಿದಂತೆ ಅನ್ನಿಸುತ್ತಿತ್ತು. ಕೆಟ್ಟದಾಗಿ, ಅಸ್ಪಷ್ಟವಾಗಿ ಬರೆದಿದ್ದರೆ ಪೇಟೆಂಟ್ ಉಳಿಯುತ್ತಿತ್ತೇನೋ. ಏನು ಮಾಡುವುದು, ಜೀವನದಲ್ಲಿ ಅಷ್ಟು ಸ್ಪಷ್ಟವಾಗಿ ನಾನು ಮತ್ತೇನನ್ನೂ ಬರೆದಿರಲಿಲ್ಲ.

ವಿಚಾರಣೆ ನಡೆದದ್ದು ಅಂಗಡಿಯ ಕಂಪ್ಯೂಟರಿನಲ್ಲೇ. ಮಾಮಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದರು. ಪರದೆಯ ಮೇಲೆ ಪರೀಕ್ಷಕರು, ನನಗಿಂತ ಚಿಕ್ಕ ವಯಸ್ಸಿನವರು, ಬಹಳ ಮರ್ಯಾದೆಯಿಂದ ಮಾತನಾಡಿಸಿದರು. ನಾನು ಇಂಗ್ಲಿಷಿನಲ್ಲಿ ಶುರು ಮಾಡುವ ಮೊದಲೇ ಮಾಮಾ ನಮ್ಮ ಗಂಗಾವತಿ ಪೇಟೆಯ ಹಿಂದಿಯಲ್ಲಿ, "ಸಾಬ್, ಪೆಹಲೆ ಮೇರಾ ಗಲತಿ ಬೋಲ್ತಾ" ಎಂದು ತಮ್ಮ ತಪ್ಪಿನಿಂದಲೇ ಶುರು ಮಾಡಿ, ಹಬ್ಬದ ದಿನದಿಂದ ಹಿಡಿದು ಎಲ್ಲ ಹೇಳಿಬಿಟ್ಟರು. ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. ಇದನ್ನು ದಾಖಲಿಸಿದರೆ ಏನಾಗುತ್ತದೆ ಗೊತ್ತಲ್ಲವೇ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಮಾಮಾ ಗೊತ್ತು ಎಂದರು. ಆ ದಿನ ಅವರ ಪಕ್ಕದಲ್ಲಿ ಕುಳಿತಿದ್ದೆನಲ್ಲ, ಅದಕ್ಕಿಂತ ದೊಡ್ಡ ಹೆಮ್ಮೆ ನನಗೆ ಯಾವ ಪದವಿಯಿಂದಲೂ ಬಂದಿಲ್ಲ.

ಅರ್ಜಿ ತಿರಸ್ಕಾರವಾಯಿತು. ಬೆಂಗಳೂರಿನ ಕಂಪನಿಯವರು ಒಂದು ಸಲ ಫೋನು ಮಾಡಿ ವಿಷಾದ ಹೇಳಿದರು, ಆಮೇಲೆ ಮಾಡಲಿಲ್ಲ. ಮಾಮಾ ಎರಡು ದಿನ ಅಂಗಡಿ ತೆಗೆಯಲಿಲ್ಲ ಎಂದು ಅಜ್ಜಿ ಹೇಳಿದಳು. ಅವರಿಗೆ ನೋವಾಗಲಿಲ್ಲ ಎಂದು ನಾನು ಬರೆದರೆ ಅದು ಇನ್ನೊಂದು ಸುಳ್ಳು.

ತಿರಸ್ಕಾರದ ಆದೇಶ ಬಂದ ವಾರ ಅದನ್ನು ಓದಿ ಹೇಳಲು ಗಂಗಾವತಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳಿದ್ದರು. ನಾನು ಸಣ್ಣ ದನಿಯಲ್ಲಿ ಇಂಗ್ಲಿಷ್ ಓದುತ್ತ, ಕನ್ನಡದಲ್ಲಿ ಹೇಳುತ್ತ ಹೋದೆ. ಎಲ್ಲ ಕಡೆ ಹುಡುಕಿದ್ದೇವೆ, ಇದಕ್ಕೆ ಅಡ್ಡಬರುವ ದಾಖಲೆ ಒಂದೇ ಒಂದು ಎಂದು ಬರೆದು, ನನ್ನ ಲೇಖನದ ಹೆಸರು, ಪತ್ರಿಕೆಯ ಹೆಸರು, ನನ್ನ ಹೆಸರು ಕೊಟ್ಟಿದ್ದರು. ಅಲ್ಲಿಗೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಓದಿದೆ.

"ಆ ಸಾಲು ಇನ್ನೊಮ್ಮೆ ಓದು," ಎಂದರು ಮಾಮಾ.

ಓದಿದೆ.

"ಅಂದ್ರ ದುನಿಯಾ ಎಲ್ಲಾ ಹುಡುಕ್ಯಾರ. ನೀ ಬರದದ್ದು ಬಿಟ್ರ ಬ್ಯಾರೆ ಎಲ್ಲೂ ಸಿಕ್ಕಿಲ್ಲ. ಹೌದಿಲ್ಲವ್ವಾ?"

"ಹೌದ್ರಿ."

"ಇದನ್ನ ಮಾಡಿದಾಂವ ಯಾರು ಅಂತ ನೀ ಅದರಾಗ ಬರದಿದ್ದಿ?"

"ನೀವು ಅಂತ ಬರದಿದ್ನಿ."

"ಮತ್ತ? ನನಗಿಂತ ಮೊದಲ ಮಾಡಿದಾಂವ ನಾನಽ ಅಂತ ಸರಕಾರದವರು ಬರದು ಕೊಟ್ಟಾರ. ಯಾಕ ಅಳಾಕತ್ತಿ?"

ಹಾಗೆಂದು ಅವರು ಜೋರಾಗಿ ನಕ್ಕರು. ಅಷ್ಟು ಮಂದಿ ಗಿರಾಕಿಗಳ ಎದುರು ನಾನು ಇನ್ನೂ ಜೋರಾಗಿ ಅತ್ತೆ.